ಪಶ್ಚಿಮದ ಗೋಡೆಯ ಅರಿಶಿನ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಸಂಗದಲ್ಲಿ ತಪ್ಪು ಮಾಡಿದವಳು ನಾನು. ಟೆಕ್ಸಸ್ಸಿನ ಬಿಸಿಲನ್ನು ಬೈಯಬಹುದಿತ್ತು, ಪಂಚಾಂಗವನ್ನು ಬೈಯಬಹುದಿತ್ತು. ಇರ್ವಿಂಗ್‌ನ ನಮ್ಮ ಆಫೀಸಿನಲ್ಲಿ ನನ್ನ ಬಾಸ್ ಅದಕ್ಕೆಂದೇ ಒಂದು ಚೆಂದದ ಇಂಗ್ಲಿಷ್ ವಾಕ್ಯವನ್ನೂ ತಯಾರು ಮಾಡಿ ಕೊಟ್ಟಿದ್ದರು. ಆದರೆ ಧಾರವಾಡದಲ್ಲಿ ಹುಟ್ಟಿ ಬೆಳೆದ ನಾಲಿಗೆ ನನ್ನದು. ಆಫೀಸಿನಲ್ಲಿ ಗಂಡಸರ ಜೊತೆ ಗಂಟೆಗಟ್ಟಲೆ ಜಗಳವಾಡುತ್ತದೆ, ಮನೆಯ ಹಿರಿಯರಂಥವರು ಎದುರು ಕೂತು ಏನಾದರೂ ಕೇಳಿದರೆ ಮಾತ್ರ ‘ಇಲ್ಲ’ ಎನ್ನಲು ಬರುವುದಿಲ್ಲ. ‘ಆಗ್ಲಿ ಅಂಕಲ್’ ಅಂದೆ. ಎಲ್ಲ ಶುರುವಾದದ್ದು ಅಲ್ಲಿಂದ.

ಅಂಕಲ್ ಎಂದರೆ ಹ್ಯೂಸ್ಟನ್ನಿನ ಡಾಕ್ಟರು. ಹುಬ್ಬಳ್ಳಿಯವರು, ಮೂಳೆ ಡಾಕ್ಟರಾಗಿ ನಿವೃತ್ತರಾದವರು. ಚಿಕ್ಕ ವಯಸ್ಸಿನಲ್ಲಿ ಅವರು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಊರಿನಲ್ಲಿ ಯಾರೂ ಅವರಿಗೆ ಬಾಡಿಗೆಗೆ ರೂಮು ಕೊಟ್ಟಿರಲಿಲ್ಲವಂತೆ. ಕೊಟ್ಟವಳು ಊರ ಹೊರಗಿನ ಒಬ್ಬ ರೈತನ ಹೆಂಡತಿ. ಆ ಕಲ್ಲಿನ ಮನೆಯ ಮಹಡಿಯಲ್ಲಿ ಅವರು ಮೂರು ವರ್ಷ ಇದ್ದರು. ನಲವತ್ತು ವರ್ಷ ಕಳೆದ ಮೇಲೆ, ಮನೆಯ ಹಿಂದಿನ ಕಲ್ಲುಗಣಿ ದೊಡ್ಡದಾಗುತ್ತಿದೆ, ಮನೆ ಕೆಡವುತ್ತಾರೆ ಎಂದು ಆ ಹೆಂಗಸಿನ ಮಗಳು ಕಾಗದ ಬರೆದಳು. ಅಂಕಲ್ ಮನೆಯನ್ನೇ ಕೊಂಡುಬಿಟ್ಟರು. ಅಲ್ಲಿ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ನಂಬರು ಹಾಕಿ, ಹದಿನೆಂಟು ಕಂಟೇನರುಗಳಲ್ಲಿ ಹ್ಯೂಸ್ಟನ್ ಬಂದರಿಗೆ ತರಿಸಿದರು. ಕಟ್ಟುವ ಜಾಗ ಆಸ್ಟಿನ್ನಿನ ಪಶ್ಚಿಮಕ್ಕೆ, ಗುಡ್ಡದ ಮೇಲೆ. ಗೋಡೆ, ತೊಲೆ, ಅಡಿಪಾಯ ಎಲ್ಲದರ ಜವಾಬ್ದಾರಿ ಸ್ಟ್ರಕ್ಚರಲ್ ಇಂಜಿನಿಯರಾದ ನನ್ನದು. ನಕ್ಷೆಗಳ ಮೇಲೆ ನನ್ನ ಸೀಲು.

ಆ ಮನೆಯ ನಕ್ಷೆಯನ್ನು ಮೊದಲ ಸಲ ಬಿಚ್ಚಿದಾಗ ನನಗೆ ನಗು ಬಂತು. ಉದ್ದನೆಯ ಒಂದೇ ಮನೆ, ಒಂದೇ ಮಾಡು. ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ದನ, ನಡುವೆ ಒಂದು ಗೋಡೆ, ಗೋಡೆಗೆ ಹೊಂದಿಕೊಂಡು ಗೋದಲಿ. ನಮ್ಮ ಅಜ್ಜಿಯ ಊರಲ್ಲಿ ಎತ್ತುಗಳ ಮುಂದೆ ಹಾದೇ ಪಡಸಾಲೆಗೆ ಹೋಗಬೇಕಿತ್ತು. ಅಂಕಲ್‌ಗೆ ಹೇಳಿದರೆ, “ಮತ್ತ? ನಾ ಅಲ್ಲೇ ಯಾಕ ಮೂರು ವರ್ಷ ಇದ್ದೆ ಅನ್ಕೊಂಡಿ? ದನದ ವಾಸನಿ ಬಂದ್ರ ನನಗ ನಿದ್ದಿ ಛಲೋ ಬರ್ತಿತ್ತವಾ” ಎಂದರು.

ಬಂದರಿನಲ್ಲಿ ಮೊದಲ ಪೆಟ್ಟು ಬಿತ್ತು. ಕಲ್ಲಿಗೆ ಮಣ್ಣು ಮೆತ್ತಿಕೊಂಡಿದ್ದರೆ ಒಳಗೆ ಬಿಡುವುದಿಲ್ಲ ಎನ್ನುವುದು ಇಲ್ಲಿನ ನಿಯಮ. ನಾಲ್ಕು ಕಂಟೇನರುಗಳನ್ನು ತಡೆದು, ತೊಳೆಯಬೇಕು ಎಂದರು. ನೀರಿನ ರಭಸಕ್ಕೆ ಬಣ್ಣದ ನಂಬರು ಹೋದರೆ ಕಥೆ ಮುಗಿಯಿತು ಎಂದು ನಾನು ಮೂರು ದಿನ ಅಲ್ಲೇ ನಿಂತು ಒಂದೊಂದು ಕಲ್ಲನ್ನೂ ಬ್ರಷ್‌ನಲ್ಲಿ ತೊಳೆಸಿದೆ. ‘ಡಬ್ಲ್ಯೂ–14–6’ ಎಂದರೆ ಪಶ್ಚಿಮದ ಗೋಡೆ, ಹದಿನಾಲ್ಕನೇ ಸಾಲು, ಆರನೇ ಕಲ್ಲು. ಒಂದು ನಂಬರೂ ಅಳಿಯಲಿಲ್ಲ. ಅಷ್ಟು ಜೋಪಾನ ಮಾಡಿದವಳು ನಾನೇ ಎಂದು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಗೋಡೆ ಇಪ್ಪತ್ತೆರಡು ಇಂಚು ದಪ್ಪ. ಆದರೆ ಅದು ಒಂದು ಗೋಡೆಯಲ್ಲ. ಹೊರಮೈಗೆ ಒಂದು, ಒಳಮೈಗೆ ಒಂದು, ಎರಡು ಗೋಡೆಗಳು, ನಡುವೆ ಗಾರೆ ಮತ್ತು ಕಲ್ಲುಚೂರಿನ ಭರ್ತಿ. ಅಲ್ಲಲ್ಲಿ ಉದ್ದ ಕಲ್ಲುಗಳು ಒಳಮೈಯಿಂದ ಹೊರಮೈವರೆಗೆ ಹಾಯ್ದು ಎರಡನ್ನೂ ಹಿಡಿದುಕೊಂಡಿರುತ್ತವೆ. ಸಿಮೆಂಟು ಇಲ್ಲ. ಸುಣ್ಣದ ಗಾರೆ ಮಾತ್ರ. ಸಿಮೆಂಟು ಒಂದು ದಿನದಲ್ಲಿ ಗಟ್ಟಿಯಾಗುತ್ತದೆ. ಸುಣ್ಣ ಹಾಗಲ್ಲ, ಅದು ಗಾಳಿಯನ್ನು ಕುಡಿದು ನಿಧಾನವಾಗಿ ಕಲ್ಲಾಗಬೇಕು, ಹಾಗೆ ಕುಡಿಯಬೇಕಾದರೆ ಮೈಯಲ್ಲಿ ತೇವ ಇರಬೇಕು. ತೇವ ಬೇಗ ಆರಿದರೆ ಅದು ಗಟ್ಟಿಯಾಗುವುದಿಲ್ಲ, ಬರೀ ಒಣಗುತ್ತದೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಅದಕ್ಕೇ ನಾನೇ ಬರೆದ ಕ್ರಮ ಹೀಗಿತ್ತು: ದಿನಕ್ಕೆ ಎರಡು ಸಾಲು, ಅದಕ್ಕಿಂತ ಒಂದು ಕಲ್ಲೂ ಹೆಚ್ಚಿಲ್ಲ. ಕಟ್ಟಿದ ಕೂಡಲೇ ಒದ್ದೆ ಗೋಣಿತಟ್ಟು ಹೊದಿಸಬೇಕು, ದಿನಕ್ಕೆ ಮೂರು ಸಲ ನೀರು ಹೊಡೆಯಬೇಕು. ಜುಲೈ, ಆಗಸ್ಟ್‌ನಲ್ಲಿ ಕೆಲಸ ಬಂದ್. ಮೇಸ್ತ್ರಿ ಓದಿ ತಲೆದೂಗಿದ. ಅವನು ಮೆಕ್ಸಿಕೋದ ಕಲ್ಲುಕುಟಿಗರ ಊರಿನವನು, ಅರವತ್ತು ದಾಟಿತ್ತು, ಏಳು ಜನರ ತಂಡ. ನನ್ನನ್ನು ‘ಇಂಜಿನಿಯೆರಾ’ ಎಂದು ಕರೆಯುತ್ತಿದ್ದ. “ಈ ದೇಶದಲ್ಲಿ ಸುಣ್ಣ ಗೊತ್ತಿರೋ ಇಂಜಿನಿಯರನ್ನು ಮೊದಲ ಸಲ ನೋಡಿದೆ” ಎಂದ. ನಾನು ಹಿಗ್ಗಿ ಹೀರೇಕಾಯಿಯಾದೆ.

ಏಪ್ರಿಲ್, ಮೇ ತಿಂಗಳಲ್ಲಿ ಪೂರ್ವದ ಗೋಡೆ ಹಾಗೆಯೇ ಎದ್ದಿತು. ಜೂನ್ ಮೊದಲ ವಾರ ಅಂಕಲ್ ಮತ್ತು ಆಂಟಿ ಸೈಟಿಗೆ ಬಂದರು. ಆಂಟಿ ಎಂದಿನಂತೆ ಹೊಸ್ತಿಲ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಅಂಗಡಿಯಿಂದ ತಂದ ಪೇಡೆಯನ್ನು ತಂಡದವರಿಗೆಲ್ಲ ಹಂಚಿದರು. ಅಂಕಲ್ ನನ್ನನ್ನು ಕಲ್ಲಿನ ರಾಶಿಯ ಮೇಲೆ ಕೂರಿಸಿಕೊಂಡರು.

“ನೋಡವಾ, ಶ್ರಾವಣದಾಗ ಒಂದು ಮುಹೂರ್ತ ಭಾಳ ಛಲೋ ಅದ ಅಂತ ಭಟ್ಟರು ಹೇಳ್ಯಾರ. ಆಮ್ಯಾಲ ಪಿತೃಪಕ್ಷ ಬರ್ತದ, ವರ್ಷ ಸುಮ್ನ ಹೋಗ್ತದ. ಆಕಿನೂ ಆಗಸ್ಟ್‌ನಾಗೇ ಇಂಗ್ಲೆಂಡಿಂದ ಬರೋಳದಾಳ, ಆ ಅವ್ವನ ಮಗಳು. ಎಪ್ಪತ್ತೆಂಟು ವಯಸ್ಸು. ಮ್ಯಾಲಿನ ಮಾಡು ಆಗೋದು ಬ್ಯಾಡ. ದೊಡ್ಡ ತೊಲಿ ಒಂದು ಏರಿದ್ರ ಸಾಕು, ಕೆಳಗ ಹಾಲು ಉಕ್ಕಿಸಿಬಿಡೋಣು. ಆಗ್ತದಲ್ಲ?”

ಆಗುವುದಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಆದರೆ ಅವರು ನನ್ನ ಕೈ ಹಿಡಿದುಕೊಂಡಿದ್ದರು, ಆಂಟಿ ಬಾಯಿಗೆ ಪೇಡೆ ತುರುಕಿದ್ದರು.

“ಆಗ್ಲಿ ಅಂಕಲ್.”

ಅಂದೇ ಮೇಸ್ತ್ರಿಗೆ ಹೇಳಿದೆ, ದಿನಕ್ಕೆ ಐದು ಸಾಲು ಬೇಕು, ಜುಲೈನಲ್ಲೂ ಕೆಲಸ ನಿಲ್ಲಬಾರದು ಎಂದು. ಅವನು ನನ್ನದೇ ಕಾಗದವನ್ನು ಜೇಬಿನಿಂದ ತೆಗೆದು ‘ಎರಡು’ ಎಂಬ ಅಂಕಿಯ ಮೇಲೆ ಬೆರಳಿಟ್ಟ. ನಾನು ಷೆಡ್ಯೂಲ್ ಎಂದೆ. ಮರುವಾರ ಮತ್ತೆ ಹೇಳಿದ, ಪಶ್ಚಿಮದ ಗೋಡೆಗೆ ಮಧ್ಯಾಹ್ನವಿಡೀ ಬಿಸಿಲು ಹೊಡೆಯುತ್ತದೆ, ಗೋಣಿತಟ್ಟು ಇಪ್ಪತ್ತು ನಿಮಿಷಕ್ಕೆ ಹಪ್ಪಳವಾಗುತ್ತಿದೆ ಎಂದು. ನೀರು ಹೊಡೆಯಲು ಇನ್ನೂ ಒಬ್ಬನನ್ನು ಹಾಕಿಕೋ ಎಂದೆ. ಮೂರನೇ ಸಲ ಒಂದು ಚಿಟಿಕೆ ಗಾರೆಯನ್ನು ಸಂದಿಯಿಂದ ಕಿತ್ತು ನನ್ನ ಅಂಗೈಗೆ ಹಾಕಿ ಹೋದ. ನಾನು ಅದನ್ನು ಕೊಡವಿ ಫೋನ್ ತೆಗೆದುಕೊಂಡೆ.

ಆಗಸ್ಟ್‌ನ ಎರಡನೇ ವಾರ. ಶನಿವಾರ ಮುಹೂರ್ತ. ಗುರುವಾರ ಬೆಳಿಗ್ಗೆ ಕ್ರೇನ್ ಬರುವುದಿತ್ತು. ಒಂದು ಕಾರಿನಷ್ಟು ತೂಕದ ಓಕ್ ತೊಲೆ, ಅದರ ಒಂದು ತುದಿ ಪೂರ್ವದ ಗೋಡೆಯ ಮೇಲೆ, ಇನ್ನೊಂದು ತುದಿ ಪಶ್ಚಿಮದ ಗೋಡೆಯ ಮೇಲೆ ಕೂರಬೇಕು. ಕೂರಿಸುವಾಗ ನಾಲ್ಕು ಜನ ಗೋಡೆಯ ಪಕ್ಕದ ಸಾರುವೆಯ ಮೇಲೆ ನಿಂತು ತೊಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಬೇಕು.

ಬುಧವಾರ ನಾನು ತೂಗುಗುಂಡು ಬಿಟ್ಟು ಪಶ್ಚಿಮದ ಗೋಡೆಯನ್ನು ಅಳೆದೆ. ನಡುವೆ ಹೊರಗಡೆಗೆ ಮುಕ್ಕಾಲು ಇಂಚು ಉಬ್ಬಿತ್ತು. ಹಳೆಯ ಗೋಡೆ, ಮೊದಲಿಂದಲೂ ಹಾಗೆಯೇ ಇದ್ದಿರಬಹುದು ಎಂದು ಇಂಗ್ಲೆಂಡಿನಲ್ಲಿ ಬಿಚ್ಚುವ ಮೊದಲು ಅಳೆದ ಹಾಳೆ ತೆಗೆದೆ. ಅಲ್ಲಿ ಕಾಲು ಇಂಚು. ಮತ್ತೆ ಅಳೆದೆ. ಮುಕ್ಕಾಲೇ. ಅಂಕೆಯನ್ನು ಬರೆದುಕೊಂಡೆ, ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಅಂಕಲ್, ಆಂಟಿ ಬಂದರು. ತೊಲೆ ಕೂರುವ ಜಾಗಕ್ಕೆ ಪೂಜೆ ಮಾಡಲೇಬೇಕು ಎಂದು ಆಂಟಿ ಹಠ ಹಿಡಿದರು. ಸೀರೆ ಎತ್ತಿ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ನಾನು ಕೈ ಹಿಡಿದಿರಲು ಸಾರುವೆ ಹತ್ತಿದರು. ತೊಲೆಗಾಗಿ ಬಿಟ್ಟಿದ್ದ ಗೂಡಿನ ಕೆಳಗೆ, ಎರಡು ಕಲ್ಲುಗಳ ನಡುವಿನ ಗಾರೆಯ ಮೇಲೆ ಕಲಸಿದ ಅರಿಶಿನವನ್ನು ಮೂರು ಬೆರಳಲ್ಲಿ ಬಳಿದರು. ಕುಂಕುಮದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಅರಿಶಿನ ಕೆಂಪಗಾಯಿತು.

“ಅಯ್ಯ, ನೋಡವಾ! ಆರತಿ ನೀರಿನ ಬಣ್ಣ! ಕುಂಕುಮನ ಬ್ಯಾಡ ಅಂತದ ಗ್ವಾಡಿ!” ಆಂಟಿಗೆ ಎಲ್ಲಿಲ್ಲದ ಸಂತೋಷ.

ನಾನು ಬಗ್ಗಿ ಹತ್ತಿರದಿಂದ ನೋಡಿದೆ. ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಅದು ಆರತಿ ತಟ್ಟೆ ಹಿಡಿದ ಮಕ್ಕಳಿಗೂ ಗೊತ್ತು. ಆದರೆ ಹಸಿ, ಅಂದರೆ ಇನ್ನೂ ಕಲ್ಲಾಗದ ಸುಣ್ಣ ಹಾಕಿದರೆ ಮಾತ್ರ. ಗಾಳಿ ಕುಡಿದು ಕಲ್ಲಾದ ಸುಣ್ಣಕ್ಕೆ ಅರಿಶಿನವನ್ನು ಕೆಂಪಾಗಿಸುವ ಶಕ್ತಿ ಇರುವುದಿಲ್ಲ. ಆ ಸಾಲು ಕಟ್ಟಿ ಐದು ವಾರವಾಗಿತ್ತು. ಗೋಡೆಯ ಹೊಟ್ಟೆಯೊಳಗಿನ ಭರ್ತಿ ವರ್ಷಗಟ್ಟಲೆ ಹಸಿಯಾಗಿರುತ್ತದೆ, ಅದು ತಿಳಿದ ವಿಷಯ. ಹೊರಗಿನ ಅರ್ಧ ಬೆರಳಾದರೂ ಇಷ್ಟರಲ್ಲಿ ಕಲ್ಲಾಗಿರಬೇಕಿತ್ತು.

“ಆಂಟಿ, ಆ ಬಟ್ಟಲು ಸ್ವಲ್ಪ ಕೊಡ್ರಿ” ಎಂದೆ.

“ಯಾಕವಾ?”

“ಕೊಡ್ರಿ ಅಂದೆನಲ್ಲ!” ದನಿ ಏರಿತ್ತು. ಆಂಟಿ ಬೆಚ್ಚಿ ಬಟ್ಟಲನ್ನೇ ಕೈಗಿತ್ತರು.

ಪಶ್ಚಿಮದ ಗೋಡೆಯಲ್ಲಿ ಒಂಬತ್ತು ಕಡೆ ಹಚ್ಚಿದೆ. ಒಂಬತ್ತೂ ಕೆಂಪು. ಒಂದು ಕಡೆ ಮೊಳೆಯಿಂದ ಕೆರೆದರೆ ಮೊಳೆ ತಡೆಯಿಲ್ಲದೆ ಒಳಗಿಳಿಯಿತು, ಅಕ್ಕಿಹಿಟ್ಟಿನ ಡಬ್ಬಿಗೆ ಚಮಚ ಹಾಕಿದಂತೆ. ಕೆಳಗಿಳಿದು ಪೂರ್ವದ ಗೋಡೆಗೆ ಓಡಿದೆ. ದಿನಕ್ಕೆ ಎರಡೇ ಸಾಲಿನಂತೆ, ಒದ್ದೆ ಗೋಣಿಯ ಕೆಳಗೆ ವಸಂತದಲ್ಲಿ ಕಟ್ಟಿದ ಗೋಡೆ ಅದು. ಹಚ್ಚಿದೆ. ಕಾದೆ. ಹಳದಿ. ಇನ್ನೊಂದು ಕಡೆ ಹಚ್ಚಿದೆ. ಹಳದಿ. ಮೊಳೆ ಕೆರೆಯಿತು, ಇಳಿಯಲಿಲ್ಲ. ಮೇಸ್ತ್ರಿ ಹಿಂದೆ ಬಂದು ನಿಂತಿದ್ದ. ಅವನು ಎರಡೂ ಗೋಡೆಗಳನ್ನು ನೋಡಿ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾರಿನೊಳಗೆ ಕೂತು ಇರ್ವಿಂಗ್‌ಗೆ ಫೋನ್ ಮಾಡಿದೆ. ಬಾಸ್ ಎಲ್ಲ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ನನ್ನನ್ನು ಉಳಿಸಲೆಂದೇ ಹೇಳಿದರು: ಕೆಲಸ ನಿಲ್ಲಿಸು, ‘ಅನಿರೀಕ್ಷಿತ ಹವಾಮಾನದ ಕಾರಣ’ ಎಂದು ಬರೆ, ವೇಗ ಹೆಚ್ಚಿಸಿದ ವಿಷಯ ಕಾಗದದಲ್ಲಿ ಬೇಡ. ಟೆಕ್ಸಸ್ಸಿನಲ್ಲಿ ಆಗಸ್ಟ್ ತಿಂಗಳ ಬಿಸಿಲು ಯಾರಿಗೆ ಅನಿರೀಕ್ಷಿತ? ಆದರೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಹತ್ತು ನಿಮಿಷ ಎಸಿ ಹಾಕಿಕೊಂಡು ಕೂತೆ. ಹಾಗೆ ಬರೆದರೆ ನಾಳೆ ಯಾರಾದರೂ ಕೇಳುತ್ತಾರೆ, ಬಿಸಿಲು ಎಂದು ಗೊತ್ತಿದ್ದೂ ಮೇಸ್ತ್ರಿ ಯಾಕೆ ಅಷ್ಟು ಬೇಗ ಕಟ್ಟಿದ ಎಂದು. ಮೂರು ಸಲ ಬೇಡ ಎಂದವನ ತಲೆಗೆ ಅದು ಕಟ್ಟಿಕೊಳ್ಳುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವಳು ನಾನು, ಉಣ್ಣುವವನು ಅವನಾಗುತ್ತಿದ್ದ.

ಲ್ಯಾಪ್‌ಟಾಪ್ ತೆಗೆದು ಬರೆದೆ. ಪಶ್ಚಿಮದ ಗೋಡೆಯ ಗಾರೆ ಕೂಡಿಕೊಂಡಿಲ್ಲ. ದಿನಕ್ಕೆ ಎರಡು ಸಾಲು ಎಂಬ ಕ್ರಮವನ್ನು ಐದಕ್ಕೆ ಬದಲಿಸಿ ಜುಲೈನಲ್ಲೂ ಕಟ್ಟಿಸಿದವಳು ನಾನು. ಮೇಸ್ತ್ರಿ ಆಕ್ಷೇಪಿಸಿದ್ದ. ತೊಲೆ ಏರಿಸಬಾರದು, ಗೋಡೆ ಬಿಚ್ಚಬೇಕು. ಕೆಳಗೆ ಹೆಸರು, ಸೀಲು. ಕಳಿಸಿದ ಮೇಲೆ ಹೊರಗೆ ಬಂದೆ.

ಅಂಕಲ್ ಹೊಸ್ತಿಲ ಕಲ್ಲಿನ ಮೇಲೆ ಕೂತಿದ್ದರು.

“ಅಂಕಲ್, ನಾಳೆ ತೊಲಿ ಏರಂಗಿಲ್ರಿ. ಈ ಗ್ವಾಡಿ ಬಿಚ್ಚಬೇಕು.”

“ಬಿಚ್ಚಬೇಕು?” ಅವರು ಎದ್ದು ನಿಂತರು. “ಇಡೀ ಗ್ವಾಡಿ? ಆಕಿ ವಿಮಾನ ಹತ್ಯಾಳವಾ! ಎರಡು ನೂರು ಮಂದಿಗೆ ಹೇಳೀನಿ! ಯಾವದೋ ಅರಿಶಿಣ ಕೆಂಪಾತಂತ ಬಿಚ್ಚತಾರೇನು?”

“ನೀವ ನೋಡ್ರಿ.”

ನಾವು ಗೋಡೆಗೆ ಎರಡೂ ಕಡೆಯಿಂದ ಮರದ ಆನಿಕೆ ಕೊಟ್ಟೆವು. ಮೇಸ್ತ್ರಿ ಎಲ್ಲರನ್ನೂ ಇಪ್ಪತ್ತು ಅಡಿ ಹಿಂದಕ್ಕೆ ಕಳಿಸಿ, ಎದೆಮಟ್ಟದಲ್ಲಿ ಒಂದು ಕಲ್ಲನ್ನು ಸಡಿಲಿಸಿ ಹೊರಗೆಳೆದ. ಆ ತೂತಿನಿಂದ ಭರ್ತಿಯ ಸುಣ್ಣ ಸರ್‍ರೆಂದು ಸುರಿಯತೊಡಗಿತು. ನಿಲ್ಲಲೇ ಇಲ್ಲ. ಒಂದು ಬಕೆಟ್, ಎರಡು ಬಕೆಟ್. ಮೇಲೆ ಎಲ್ಲೋ ಒಂದು ಕಲ್ಲು ಕಟಕ್ ಎಂದಿತು. ಮೇಸ್ತ್ರಿ ಹಿಂದಕ್ಕೆ ನೆಗೆದ. ಆನಿಕೆ ಕಿರುಗುಟ್ಟಿತು, ನಿಂತಿತು. ನಾಳೆ ಈ ಹೊತ್ತಿಗೆ ಆ ಗೋಡೆಯ ಪಕ್ಕದಲ್ಲಿ ನಾಲ್ಕು ಜನ ತೊಲೆ ಹಿಡಿದು ನಿಂತಿರುತ್ತಿದ್ದರು. ನಾನು ಅಲ್ಲೇ ಕೂತುಬಿಟ್ಟೆ.

ಎಲ್ಲ ತಣ್ಣಗಾದ ಮೇಲೆ ಅಂಕಲ್ ಕೆಳಗೆ ಬಿದ್ದ ಪುಡಿಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ತಿಕ್ಕಿದರು. ಎಷ್ಟೋ ಹೊತ್ತು ತಿಕ್ಕಿದರು.

“ನಲವತ್ತು ವರ್ಷ ಪೇಷಂಟ್‌ಗೋಳಿಗೆ ಬೈದೀನವಾ. ಎಲುಬು ಕೂಡೋದಕ್ಕಿಂತ ಮೊದ್ಲ ಕಾಲು ಊರಬ್ಯಾಡ್ರಿ ಅಂತ. ಮಗಳ ಲಗ್ನ ಅದ ಡಾಕ್ಟರ, ಪ್ಲಾಸ್ಟರ್ ತಗೀರಿ ಅಂತ ಬರೋರು. ಒಬ್ರಿಗೂ ತಗದಿಲ್ಲ. ಅವರ ಮುಂದ ಇಲ್ಲ ಅಂದೀನಿ.” ನನ್ನ ಕಡೆ ತಿರುಗಿದರು. “ನೀ ನನಗ ಒಮ್ಮೆ ಇಲ್ಲ ಅಂದಿದ್ರ ಸಾಕಿತ್ತಲ್ಲವಾ. ಜೂನ್ ತಿಂಗಳದಾಗ. ಒಮ್ಮೆ.”

ನಾನು ಅತ್ತುಬಿಟ್ಟೆ.

ಶನಿವಾರ ಮುಹೂರ್ತಕ್ಕೆ ಎರಡು ನೂರು ಮಂದಿ ಬರಲಿಲ್ಲ. ಅಂಕಲ್ ಎಲ್ಲರಿಗೂ ಫೋನ್ ಮಾಡಿ ಬೇಡ ಎಂದಿದ್ದರು. ಬಂದವಳು ಇಂಗ್ಲೆಂಡಿನ ಆ ರೈತನ ಮಗಳು ಒಬ್ಬಳೇ. ಪಶ್ಚಿಮದ ಗೋಡೆ ಆಗಲೇ ಮೊಣಕಾಲೆತ್ತರಕ್ಕೆ ಇಳಿದಿತ್ತು, ಕಲ್ಲುಗಳು ನಂಬರು ಮೇಲೆ ಮಾಡಿಕೊಂಡು ಹುಲ್ಲಿನ ಮೇಲೆ ಮಲಗಿದ್ದವು. ಆಕೆ ಕೋಲೂರಿಕೊಂಡು ಹೊಸ್ತಿಲು ದಾಟಿ, ಗೋದಲಿಯ ಕಲ್ಲಿನ ಅಂಚನ್ನು ಸವರಿ, “ಇಲ್ಲಿ ಒಂದು ಹಸು ನನ್ನ ಟೋಪಿ ತಿಂದಿತ್ತು” ಎಂದಳು. ನಾನು ಆಕೆಯ ಎದುರು ನಿಂತು, ಗೋಡೆ ಹೀಗಾದದ್ದು ನನ್ನಿಂದ ಎಂದು ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ಅಜ್ಜ ದನದ ಕಡೆಯ ಒಂದು ಗೋಡೆ ಸರಿಪಡಿಸಲು ಎರಡು ಬೇಸಿಗೆ ತೆಗೆದುಕೊಂಡಿದ್ದ, ಅಜ್ಜಿ ದಿನಾ ಬೈಯುತ್ತಿದ್ದಳು ಎಂದಳು. ಆಮೇಲೆ ಚೀಲದಿಂದ ಅಂಗೈಯಷ್ಟು ಉದ್ದದ ಕಬ್ಬಿಣದ ಬೀಗದ ಕೈ ತೆಗೆದು ಅಂಕಲ್‌ಗೆ ಕೊಟ್ಟಳು. “ಬಾಗಿಲು ಬಂದಾಗ ಉಪಯೋಗಿಸು. ನಾನು ಇನ್ನೊಂದು ಸಲ ಇಷ್ಟು ದೂರ ಹಾರಲಾರೆ.”

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಗೋಡೆಯನ್ನು ಮತ್ತೆ ಕಟ್ಟಬಹುದು, ಕಟ್ಟಿದೆವು. ಆಕೆ ತಾನು ಹುಟ್ಟಿದ ಮನೆ ಮತ್ತೆ ಎದ್ದು ನಿಂತದ್ದನ್ನು ನೋಡಲಿಲ್ಲ. ಅಂದು ಆಂಟಿ ಬಯಲಲ್ಲೇ ಮೂರು ಕಲ್ಲಿಟ್ಟು ಹಾಲು ಉಕ್ಕಿಸಿದರು. ಮೊದಲ ಲೋಟ ಆಕೆಗೆ, ಎರಡನೆಯದು ಮೇಸ್ತ್ರಿಗೆ.

ಬಾಸ್ ವರ್ಷದ ಕೊನೆಯವರೆಗೆ ನನಗೆ ಹೊಸ ಪ್ರಾಜೆಕ್ಟ್ ಕೊಡಲಿಲ್ಲ. ಅದೇ ಒಳ್ಳೆಯದಾಯಿತು. ಅಕ್ಟೋಬರ್‌ನಿಂದ ಪ್ರತಿ ಸೋಮವಾರ ಇರ್ವಿಂಗ್ ಹತ್ತಿರದ ಲೂಯಿಸ್‌ವಿಲ್‌ನ ನನ್ನ ಮನೆಯಿಂದ ಹೊರಟು ನಾಲ್ಕು ಗಂಟೆ ಡ್ರೈವ್ ಮಾಡಿ ಸೈಟಿಗೆ ಹೋಗುತ್ತಿದ್ದೆ, ಶುಕ್ರವಾರ ವಾಪಸ್. ದಿನಕ್ಕೆ ಎರಡು ಸಾಲು. ಗೋಣಿತಟ್ಟಿಗೆ ನೀರು ನಾನೇ ಹೊಡೆಯುತ್ತಿದ್ದೆ. ಮೇಸ್ತ್ರಿ ಮೊದಲ ಮೂರು ವಾರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ನಾಲ್ಕನೇ ವಾರ ಊಟದ ಹೊತ್ತಿಗೆ ತನ್ನ ಡಬ್ಬಿಯಿಂದ ಒಂದು ರೊಟ್ಟಿ ಮಡಿಸಿ ನನ್ನ ಕಡೆ ಚಾಚಿದ. ಮೆಕ್ಕೆಜೋಳದ ರೊಟ್ಟಿ, ಖಾರ ಕಣ್ಣಲ್ಲಿ ನೀರು ತರಿಸುವಷ್ಟು. ಎರಡು ತಿಂದೆ.

ಏಪ್ರಿಲ್‌ನಲ್ಲಿ ಎರಡನೇ ಸಲ ತೊಲೆ ಏರಿಸುವ ದಿನ ಬಂತು. ಹಿಂದಿನ ದಿನ ಎಲ್ಲರೂ ಸೇರಿದೆವು. ಈ ಸಲ ನಾನು ಕೇಳುವ ಮೊದಲೇ ಆಂಟಿ ಬಟ್ಟಲು ತೆಗೆದಿದ್ದರು. ಮೇಸ್ತ್ರಿ ಒಂದೊಂದು ಕಡೆ ಮೊಳೆಯಿಂದ ಅರ್ಧ ಬೆರಳು ಆಳಕ್ಕೆ ಕೆರೆಯುತ್ತ ಹೋದ, ಆಂಟಿ ಅರಿಶಿನ ಹಚ್ಚುತ್ತ ಹೋದರು, ಅಂಕಲ್ ನಾಡಿ ಹಿಡಿದವರಂತೆ ವಾಚು ನೋಡುತ್ತ ನಿಂತರು. ಐದು ನಿಮಿಷ. ಒಂದು, ಹಳದಿ. ಎರಡು, ಹಳದಿ. ಏಳನೆಯದೂ ಹಳದಿ. ತೊಲೆಯ ಗೂಡಿನ ಕೆಳಗಿನದು ಎಂಟನೆಯದು, ಹಳದಿಯೇ. ಅಂಕಲ್ ಜೋರಾಗಿ ಚಪ್ಪಾಳೆ ಹೊಡೆದರು.

“ಮುಗೀತಲ್ಲ! ನಾಳೆ ಏರಸೋಣೇನವಾ?”

ನಾನು ಒಂಬತ್ತನೆಯದನ್ನು ನೋಡುತ್ತಿದ್ದೆ. ಉತ್ತರದ ಮೂಲೆಯಲ್ಲಿ, ಕೊನೆಗೆ ಕಟ್ಟಿದ ಸಾಲು. ಕೆಂಪಲ್ಲ. ಅಂಚಿನಲ್ಲಿ ಮಾತ್ರ ಇಟ್ಟಿಗೆ ಬಣ್ಣದ ಒಂದು ಎಳೆ. ತೊಲೆ ಅಲ್ಲಿ ಕೂರುವುದೂ ಇಲ್ಲ, ಲೆಕ್ಕ ಹಾಕಿದರೆ ಏನೂ ಆಗುತ್ತಿರಲಿಲ್ಲವೇನೋ. ಕ್ರೇನ್ ಬುಕ್ ಆಗಿತ್ತು. ಆಂಟಿ ಚೀಲದಿಂದ ಪೇಡೆಯ ಡಬ್ಬಿ ತೆಗೆಯುತ್ತಿದ್ದರು.

“ಇಲ್ರಿ ಅಂಕಲ್” ಎಂದೆ. “ಇನ್ನೂ ಎರಡು ವಾರ.”

ಮೇಸ್ತ್ರಿಗೆ ಕನ್ನಡ ಬಾರದು, ಆದರೂ ಅವನು ಮೊಳೆಯನ್ನು ಜೇಬಿಗೆ ಹಾಕಿಕೊಂಡು ಗೋಣಿತಟ್ಟು ತರಲು ಹೊರಟ. ಅಂಕಲ್ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕನ್ನಡಕ ಹಣೆಗೇರಿಸಿ, ಜೇಬಿನಿಂದ ಫೋನ್ ತೆಗೆದರು.

“ಆ ಕ್ರೇನಿನವನ ನಂಬರ್ ಹೇಳು. ನಾನ ಹೇಳ್ತೀನಿ ಅವಗ.”